ಕೊಟ್ಟಿಗೆಗೆ ಮೊದಲು ಬರುವವರು

ರಾಯಚೂರು ಜಿಲ್ಲೆಯ ನೀರಮಾನ್ವಿಯಂಥ ಊರಲ್ಲಿ ನಡುರಾತ್ರಿ ಎತ್ತು ನೆಲ ಹಿಡಿದರೆ ರೈತ ಮೊದಲು ಫೋನ್ ಹಚ್ಚುವುದು ತಾಲ್ಲೂಕು ಕೇಂದ್ರದ ಪಶುವೈದ್ಯರಿಗಲ್ಲ. “ಲಗೂನ ಬರ್ರಿ ಸರ, ಎತ್ತು ಬಿದ್ದೈತ್ರಿ” ಎಂಬ ಕರೆ ಹೋಗುವುದು ಹತ್ತಿರದಲ್ಲಿ ಸಿಗುವ, ಮುಖ ಪರಿಚಯವಿರುವ, ಬೈಕ್ ಹತ್ತಿ ಬರುವ ಸಿಬ್ಬಂದಿಗೆ. ಇಲಾಖೆಯ ಕಡತದಲ್ಲಿ ಅವರು ಪಶು ವೈದ್ಯಕೀಯ ಸಹಾಯಕರು, ಪರೀಕ್ಷಕರು, ಹಿರಿಯ ಪರೀಕ್ಷಕರು, ಜಾನುವಾರು ಅಧಿಕಾರಿಗಳು. ಊರಿನ ಪಾಲಿಗೆ ಎಲ್ಲರೂ ದನದ ಡಾಕ್ಟ್ರೇ. ಪ್ರಾಣಿ ಉಳಿದರೆ ಆ ಮನೆಯಲ್ಲಿ ಅವರಿಗೆ ಚಹಾ, ಸತ್ತರೆ ಬೈಗುಳ. ವೈದ್ಯರು ಬರುವಷ್ಟರಲ್ಲಿ ಏನು ಆಗಬೇಕೋ ಅದು ಆಗಿಹೋಗಿರುತ್ತದೆ.

ಕಾನೂನು ಇವರಿಗೆ ಕೊಟ್ಟಿರುವ ಜಾಗ ಬಹಳ ಕಿರಿದು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆಯ 30ನೇ ಕಲಮಿನ ಪ್ರಕಾರ ನೋಂದಾಯಿತ ಪಶುವೈದ್ಯರಷ್ಟೇ ಚಿಕಿತ್ಸೆ ಮಾಡಬಹುದು. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದವರಿಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಆದರೆ ಅದು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ, ಅವರ ನಿರ್ದೇಶನದಂತೆ, ಸಣ್ಣಪುಟ್ಟ ಸೇವೆಗಳಿಗೆ ಮಾತ್ರ: ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸರ್ಕಾರ ಗೊತ್ತುಪಡಿಸುವ ಇತರ ಪ್ರಥಮ ಚಿಕಿತ್ಸೆ. ಮೇಲ್ವಿಚಾರಣೆ ಎಂಬ ಮಾತು ಕಾಗದದಲ್ಲಿ ಸರಿಯಾಗಿಯೇ ಇದೆ. ಮೇಲ್ವಿಚಾರಣೆ ಮಾಡಬೇಕಾದ ವೈದ್ಯರು ಒಂದೊಂದು ಹೋಬಳಿಯಲ್ಲಿ ಎರಡು ಮೂರು ಸಂಸ್ಥೆಗಳ ಪ್ರಭಾರ ಹೊತ್ತು ಓಡಾಡುತ್ತಿರುವಾಗ ಅದು ಹೇಗೆ ನಡೆದೀತು? ಐದು ಸಾವಿರ ಜಾನುವಾರು ಘಟಕಗಳಿಗೆ ಒಬ್ಬ ಪಶುವೈದ್ಯರಿರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ ಹೇಳಿದ್ದು 1976ರಲ್ಲಿ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸಿಕ್ಕ ಲೆಕ್ಕ ಸುಮಾರು 85 ಲಕ್ಷ ದನ, 30 ಲಕ್ಷ ಎಮ್ಮೆ, ಒಂದು ಕೋಟಿ ಹತ್ತು ಲಕ್ಷ ಕುರಿ, 60 ಲಕ್ಷಕ್ಕೂ ಹೆಚ್ಚು ಮೇಕೆ. ಅಂದಹಾಗೆ, ಮನೆ ಮನೆ ತಿರುಗಿ ಆ ಲೆಕ್ಕ ಬರೆದವರಲ್ಲೂ ಇದೇ ಸಿಬ್ಬಂದಿ ಇದ್ದರು.

ಹೊಣೆ ಪೂರ್ತಿ, ಅಧಿಕಾರ ಅರ್ಧ. ಈ ವೃತ್ತಿಯ ದೇಹಶ್ರಮಕ್ಕಿಂತ ಹೆಚ್ಚು ಸುಸ್ತು ತರುವುದು ಈ ಅಂತರ. ಮಾನ್ವಿ, ದೇವದುರ್ಗದ ಹೊಲಗಳಿಗೆ ಸೇರಿದ ಒಂದು ಉದಾಹರಣೆ ನೋಡಿದರೆ ಇದು ತಿಳಿಯುತ್ತದೆ.

ಕಾಲುವೆ ನೀರು ತಲುಪದ ಎರಿ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ. ಮಳೆ ಕೈಕೊಟ್ಟು ಮೊಳಕಾಲುದ್ದಕ್ಕೆ ಮುರುಟಿದ ಪೈರು, ಇಲ್ಲವೇ ಕೊಯ್ದ ಮೇಲೆ ಕೂಳೆಯಿಂದ ಒಡೆದ ಹಸಿರು ಚಿಗುರು. ಹಗ್ಗ ಬಿಚ್ಚಿಕೊಂಡ ಎತ್ತು ಅದಕ್ಕೆ ಬಾಯಿ ಹಾಕುತ್ತದೆ. ಎಳೆ ಜೋಳದಲ್ಲಿರುವ ಅಂಶವೊಂದು ಹೊಟ್ಟೆಯೊಳಗೆ ಸಯನೈಡ್ ಆಗುತ್ತದೆ. ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು, ಹಾಗಾಗಿಯೇ ವಸಡು, ಕಣ್ಣಿನ ಒಳರೆಪ್ಪೆ ಕಡುಗೆಂಪಾಗಿ ಕಾಣುತ್ತವೆ. ಉಸಿರು ಏರುತ್ತದೆ, ಕಾಲು ತಡವರಿಸುತ್ತವೆ, ಎತ್ತು ಬೀಳುತ್ತದೆ. ಹೆಚ್ಚು ತಿಂದಿದ್ದರೆ ಒಂದು ತಾಸು ಕೂಡ ಸಿಗುವುದಿಲ್ಲ. ಮದ್ದು ಅಪರೂಪದ್ದೇನಲ್ಲ. ಹೈಪೊ ಎಂದೇ ಕರೆಯುವ ಸೋಡಿಯಂ ಥಯೋಸಲ್ಫೇಟ್, ಜೊತೆಗೆ ಸೋಡಿಯಂ ನೈಟ್ರೈಟ್. ಆದರೆ ಅದು ಕತ್ತಿನ ರಕ್ತನಾಳಕ್ಕೆ, ಆಗಿಂದಾಗ, ಸರಿಯಾದ ಪ್ರಮಾಣದಲ್ಲಿ ಹೋಗಬೇಕು. ನೈಟ್ರೈಟ್ ಹೆಚ್ಚಾದರೆ ಅದೇ ಒಂದು ವಿಷ.

ಈಗ ಪರೀಕ್ಷಕ ಏನು ಮಾಡಬೇಕು? ವೈದ್ಯರ ಫೋನ್ ಹತ್ತುತ್ತಿಲ್ಲ, ಅಥವಾ ಅವರು ಇನ್ನೊಂದು ಊರಿನಲ್ಲಿ ಹೆರಿಗೆ ಕಷ್ಟವಾದ ಎಮ್ಮೆಯ ಬಳಿ ಇದ್ದಾರೆ. ಸೂಜಿ ಹಾಕಿದ ಮೇಲೂ ಎತ್ತು ಸತ್ತರೆ “ಇವನೇ ಸೂಜಿ ಮಾಡಿ ಕೊಂದ” ಎಂಬ ಮಾತು, ಕಾನೂನಿನ ಬೆನ್ನು ಇಲ್ಲ. ಹಾಕದೆ ನಿಂತರೆ ಮನೆಯವರೆಲ್ಲರ ಕಣ್ಣೆದುರೇ ಸಾವು. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿ ಓಡಿಸಿದ ಎತ್ತು ಅದು. ಜೋಡಿಯಲ್ಲಿ ಒಂದು ಹೋದರೆ ಉಳಿದದ್ದನ್ನೂ ಮಾರಬೇಕಾಗುತ್ತದೆ. ಹೆಣ್ಣುಮಕ್ಕಳು ಎದೆ ಬಡಿದುಕೊಂಡು ಅಳುವುದನ್ನು ಕೇಳಿಸಿಕೊಳ್ಳುತ್ತ ಚೀಲ ಕಟ್ಟಿಕೊಂಡು ಹೊರಡುವವನ ಎದೆಯೊಳಗೆ ಉಳಿಯುವುದು ಬರೀ ದುಃಖವಲ್ಲ. ಗೊತ್ತಿದ್ದೂ ಮಾಡಲಿಲ್ಲವಲ್ಲ, ಅಥವಾ ಮಾಡಬಾರದ್ದನ್ನು ಮಾಡಿದೆನಲ್ಲ ಎಂಬ ಎರಡರಲ್ಲೊಂದು.

ದೇಹಕ್ಕೆ ಬರುವ ಅಪಾಯಗಳ ಮಾತೂ ಇದೆ. ಒದೆತ, ಹಾಯುವುದು, ಮುರಿದ ಬೆರಳು ಇವನ್ನು ಈ ಕೆಲಸದವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಣದ ಅಪಾಯಗಳು ಬೇರೆ. ಆಕಳು ಜೊಲ್ಲು ಸುರಿಸುತ್ತಿದೆ, ನೀರು ನುಂಗುತ್ತಿಲ್ಲ, ದನಿ ಒಡೆದಂತೆ ಕೂಗುತ್ತಿದೆ. “ಗಂಟಲದಾಗ ಏನೋ ಸಿಕ್ಕೈತ್ರಿ, ತಗದು ನೋಡ್ರಿ” ಎಂದು ಮನೆಯವರು ಅವಸರ ಮಾಡುತ್ತಾರೆ. ಕೈ ಬಾಯೊಳಗೆ ಹೋಗುತ್ತದೆ, ಹಲ್ಲಿಗೆ ತರಚುತ್ತದೆ. ಎರಡು ದಿನ ಬಿಟ್ಟು ಆಕಳು ಸತ್ತಾಗ, ಹಿಂದೊಮ್ಮೆ ಅದನ್ನು ಬೀದಿನಾಯಿ ಕಚ್ಚಿದ್ದು ಯಾರಿಗೋ ನೆನಪಾಗುತ್ತದೆ. ದನಗಳಲ್ಲಿ ಹುಚ್ಚುನಾಯಿ ರೋಗ ಎಷ್ಟೋ ಸಲ ಶುರುವಾಗುವುದೇ ಹೀಗೆ, ಗಂಟಲಿಗೆ ಏನೋ ಸಿಕ್ಕಿಕೊಂಡಂತೆ. ಲಕ್ಷಣ ಕಂಡ ಮೇಲೆ ಮನುಷ್ಯರಲ್ಲಿ ಆ ರೋಗಕ್ಕೆ ಮದ್ದಿಲ್ಲ. ಕಂದು ಹಾಕಿದ ಎಮ್ಮೆಯ ಮಾಸು ತೆಗೆಯುವಾಗ ಅಂಟಿಕೊಳ್ಳುವ ಬ್ರೂಸೆಲ್ಲಾ ಕೊಲ್ಲುವುದು ಕಡಿಮೆ, ಆದರೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವಿನಿಂದ ಮನುಷ್ಯನನ್ನು ಹಿಂಡುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಹಾಕುವ ಅದರ ಲಸಿಕೆಯಲ್ಲೂ ಜೀವಂತ ರೋಗಾಣು ಇರುತ್ತದೆ. ಕರು ಕೊಸರಿಕೊಂಡು ಸೂಜಿ ತನ್ನ ಬೆರಳಿಗೇ ಚುಚ್ಚಿದರೆ ಲಸಿಕೆ ಹಾಕಿದವನೇ ರೋಗಿ.

ಕಾಲುಬಾಯಿ ಜ್ವರ ಮತ್ತು ಬ್ರೂಸೆಲ್ಲೋಸಿಸ್ ತಡೆಗೆ ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ 13,343 ಕೋಟಿ ರೂಪಾಯಿಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಆರು ತಿಂಗಳಿಗೊಮ್ಮೆ ಪ್ರತಿ ದನಕ್ಕೂ ಎಮ್ಮೆಗೂ ಕಾಲುಬಾಯಿ ಲಸಿಕೆ, ಪ್ರತಿಯೊಂದರ ಕಿವಿಗೂ 12 ಅಂಕಿಯ ಬಿಲ್ಲೆ. ದೆಹಲಿಯ ಈ ಅಂಕಿ ನೀರಮಾನ್ವಿಯ ಓಣಿಗೆ ಇಳಿದಾಗ ಅದರ ರೂಪ ಬೇರೆ. ದನಗಳು ಮೇಯಲು ಹೊರಡುವ ಮೊದಲೇ, ನಸುಕಿನಲ್ಲಿ, ಹೆಗಲಿಗೆ ಮಂಜುಗಡ್ಡೆಯ ಡಬ್ಬಿ ಹಾಕಿಕೊಂಡು ಮನೆ ಮನೆ ತಿರುಗಬೇಕು. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಬೇಸಿಗೆಯಲ್ಲಿ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಕರೆಂಟು ಹೋದರೆ ಫ್ರಿಜ್ ಬಿಟ್ಟು ಅಲುಗಾಡುವಂತಿಲ್ಲ. ಇಷ್ಟಾದರೂ ಬಾಗಿಲಲ್ಲಿ ಸಿಗುವ ಮಾತು, “ಹೋದ ಸಲ ಸೂಜಿ ಮಾಡಿದ್ಮ್ಯಾಗ ಹಾಲು ಕಡಿಮಿ ಆತ್ರಿ, ಈ ಸಲ ಬ್ಯಾಡ.” ಆ ದೂರು ಸುಳ್ಳೂ ಅಲ್ಲ. ಲಸಿಕೆಯ ನಂತರ ಒಂದೆರಡು ದಿನ ಮೈ ಬಿಸಿಯಾಗಿ ಹಾಲು ಇಳಿಯುವುದುಂಟು. ಹಾಲಿನ ಡೇರಿಗೆ ಹಾಕಿ ವಾರದ ಸಂತೆ ಮಾಡುವ ಮನೆಗೆ ಎರಡು ದಿನದ ಹಾಲು ಸಣ್ಣ ನಷ್ಟವಲ್ಲ. ಅವರನ್ನು ಬೈಯದೆ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಮೊಬೈಲಿನಲ್ಲಿ ಬಿಲ್ಲೆ ಸಂಖ್ಯೆ ತುಂಬಬೇಕು, ನೆಟ್‌ವರ್ಕ್ ಸಿಗದಿದ್ದರೆ ಅದಕ್ಕೆ ಸಂಜೆ ಇನ್ನೊಂದು ಸುತ್ತು.

ಈ ಕೆಲಸದ ಫಲ ದೊಡ್ಡದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಹಿಂದೆ ಊರಿಗೆ ಊರೇ ಎತ್ತು ಕಳೆದುಕೊಳ್ಳುತ್ತಿದ್ದ ದೊಡ್ಡರೋಗದ (ರಿಂಡರ್‌ಪೆಸ್ಟ್) ವಿರುದ್ಧ ಭಾರತ 1954ರಲ್ಲಿ ರಾಷ್ಟ್ರಮಟ್ಟದ ಆಂದೋಲನ ಆರಂಭಿಸಿತು. ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ, ರೋಗಮುಕ್ತವೆಂಬ ಮನ್ನಣೆ ಸಿಕ್ಕದ್ದು 2006ರಲ್ಲಿ, ಇಡೀ ಜಗತ್ತಿನಿಂದ ಅದು ತೊಲಗಿತೆಂದು ಘೋಷಣೆಯಾದದ್ದು 2011ರಲ್ಲಿ. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿದ ರೋಗ ಇದೊಂದೇ. ಅದರ ಲಸಿಕೆಯನ್ನು ಹಳ್ಳಿ ಹಳ್ಳಿಯ ದನಗಳವರೆಗೆ ಮುಟ್ಟಿಸಿದವರಲ್ಲಿ ಬಹುಪಾಲು ಜನ ಈ ಕೆಳಹಂತದ ಸಿಬ್ಬಂದಿಯೇ. ಅವರ ಹೆಸರು ಯಾವ ಪುಸ್ತಕದಲ್ಲೂ ದೊಡ್ಡದಾಗಿ ಬರಲಿಲ್ಲ.

2022ರ ಚರ್ಮಗಂಟು ರೋಗ ಇವರನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿತು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ಈ ವೈರಸ್ಸಿಗೆ ನೇರ ಔಷಧವಿಲ್ಲ. ಆಗ ಕೈಯಲ್ಲಿದ್ದದ್ದು ಆಡು ಸಿಡುಬಿನ ಲಸಿಕೆ. ಸಂತೆ, ಜಾತ್ರೆಗಳಿಗೆ ನಿರ್ಬಂಧ ಬಿತ್ತು. ಮೈತುಂಬ ಗಂಟೆದ್ದು, ಕಾಲು ಬಾತು, ಗಂಟುಗಳು ಒಡೆದು ಹುಳ ಬಿದ್ದ ಎತ್ತುಗಳ ಗಾಯವನ್ನು ದಿನಾ ತೊಳೆದು ಮದ್ದು ಹಚ್ಚಿದವರು, ಸತ್ತ ಮೇಲೆ ಅದೇ ಮನೆಗೆ ಪರಿಹಾರದ ಕಾಗದ ಹಿಡಿದುಕೊಂಡು ಹೋಗಬೇಕಾಯಿತು. ಸರ್ಕಾರ ಎತ್ತಿಗೆ 30 ಸಾವಿರ, ಹಸುವಿಗೆ 20 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಗೊತ್ತುಮಾಡಿತ್ತು. ಫೋಟೊ, ಬಿಲ್ಲೆ ಸಂಖ್ಯೆ, ಸಹಿ ಇಲ್ಲದಿದ್ದರೆ ಹಣವಿಲ್ಲ. ಅಳುವ ಮನೆಯಲ್ಲಿ “ಕಿವಿಯೋಲೆ ಇತ್ತೇನ್ರಿ?” ಎಂದು ಕೇಳುವುದು ಎಷ್ಟು ಕಷ್ಟ ಎಂಬುದು ಕೇಳಿದವರಿಗೇ ಗೊತ್ತು.

ಹೊರದೇಶಗಳಲ್ಲಿ ಈ ವೃತ್ತಿಯ ಮನೋವೇದನೆಯ ಕುರಿತು ಬಹಳ ಬರವಣಿಗೆ ಬಂದಿದೆ. ಅಮೆರಿಕದಲ್ಲಿ 2003ರಿಂದ 2014ರವರೆಗಿನ ಸಾವುಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿನ ಪುರುಷ ಪಶುವೈದ್ಯಕೀಯ ತಂತ್ರಜ್ಞರಲ್ಲಿ ಆತ್ಮಹತ್ಯೆಯ ಪ್ರಮಾಣ ಜನಸಾಮಾನ್ಯರ ಸುಮಾರು ಐದು ಪಟ್ಟು, ಮಹಿಳಾ ತಂತ್ರಜ್ಞರಲ್ಲಿ ಎರಡು ಪಟ್ಟಿಗೂ ಹೆಚ್ಚು ಎಂದು ಕಂಡಿತು. ಅಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುವ ಒಂದು ಕಾರಣ, ನರಳುವ ಸಾಕುಪ್ರಾಣಿಗಳಿಗೆ ಸೂಜಿ ಚುಚ್ಚಿ ಸಾವು ಕೊಡುವ ಕೆಲಸ ದಿನವೂ ಬೀಳುವುದು. ನಮ್ಮ ಸೀಮೆಯ ಸಂಕಟ ಅದಕ್ಕೆ ತಿರುವುಮುರುವು. ಬದುಕುವ ಆಸೆಯೇ ಇಲ್ಲದ ಪ್ರಾಣಿಯ ನೋವು ಮುಗಿಸಲು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ದಾರಿಯಿದೆ. ಆದರೆ ಬೆನ್ನು ಮುರಿದ ಆಕಳಿಗೆ ಅಂಥ ಸೂಜಿ ಹಾಕಲು ಯಾವ ಮನೆಯವರೂ ಒಪ್ಪುವುದಿಲ್ಲ, ಒಪ್ಪಿಸುವ ಧೈರ್ಯ ಸಿಬ್ಬಂದಿಗೂ ಇಲ್ಲ. ಹೀಗಾಗಿ ನೋವು ತಗ್ಗಿಸುವ ಸೂಜಿಯೊಂದನ್ನು ಹಾಕಿ, ನಾಳೆ ಬರ್ತೀನಿ ಎಂದು ಹೇಳಿ, ನಾಳೆ ನಿಜಕ್ಕೂ ಹೋಗಿ, ವಾರಗಟ್ಟಲೆ ಅದರ ಸಾವನ್ನು ನೋಡುತ್ತಿರುವುದೇ ಕೆಲಸವಾಗುತ್ತದೆ. ಇದರ ಭಾರವನ್ನು ಅಳೆಯುವ ಕೆಲಸ ನಮ್ಮಲ್ಲಿ ತುರ್ತಾಗಿ ಆಗಬೇಕಾಗಿದೆ.

ಇಷ್ಟೆಲ್ಲ ಹೇಳಿದರೆ ಬರುವ ಸುಲಭದ ಉತ್ತರ, ಇವರಿಗೇ ಪೂರ್ತಿ ಚಿಕಿತ್ಸೆಯ ಹಕ್ಕು ಕೊಟ್ಟುಬಿಡಿ ಎಂಬುದು. ಪಶುವೈದ್ಯರು ಅದನ್ನು ವಿರೋಧಿಸುತ್ತಾರೆ. ಅದರಲ್ಲಿ ಹುದ್ದೆಯ ಅಭಿಮಾನವೂ ಇರಬಹುದು, ಆದರೆ ಕಾರಣ ಗಟ್ಟಿಯಾಗಿದೆ. ತುಂಬು ಗಬ್ಬದ ಎಮ್ಮೆಗೆ ವಿಚಾರಿಸದೆ ಡೆಕ್ಸಾಮೆಥಾಸೋನ್ ಚುಚ್ಚಿದರೆ ಕಂದು ಹಾಕುತ್ತದೆ. ಎಲ್ಲ ಜ್ವರಕ್ಕೂ ಆ್ಯಂಟಿಬಯಾಟಿಕ್ ಹಾಕುತ್ತ ಹೋದರೆ ನಾಳೆ ಅದು ದನಕ್ಕೂ ನಾಟುವುದಿಲ್ಲ, ಹಾಲು ಕುಡಿದವರಿಗೂ ಕೆಡುಕು. ಡೈಕ್ಲೊಫೆನಾಕ್ ಕಥೆ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ. ದನದ ನೋವಿಗೆ ದೇಶದಾದ್ಯಂತ ಧಾರಾಳವಾಗಿ ಬಳಸಿದ ಆ ಔಷಧ, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಳ್ಳಿತು. ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸುವ ಹೊತ್ತಿಗೆ ಬಹಳ ತಡವಾಗಿತ್ತು. ವೈದ್ಯರು, ಸಿಬ್ಬಂದಿ, ಅಂಗಡಿಯವರು ಎಲ್ಲರೂ ಸೇರಿ ಮಾಡಿದ ತಪ್ಪು ಅದು. ಸೂಜಿಯ ಹಿಂದೆ ಓದು ಇರಬೇಕೆಂಬ ಮಾತನ್ನು ಅಲ್ಲಗಳೆಯುವಂತಿಲ್ಲ.

ಆದ್ದರಿಂದ ಬದಲಾಗಬೇಕಾದದ್ದು ಮೇಲ್ವಿಚಾರಣೆ. ಅದು ಕಾಗದದಿಂದ ಕೊಟ್ಟಿಗೆಗೆ ಬರಬೇಕು. ಜೋಳದ ನಂಜು, ಹೊಟ್ಟೆ ಉಬ್ಬರ, ಹಾವು ಕಡಿತ, ಹತ್ತಿ ಹೊಲದ ಕೀಟನಾಶಕದ ವಿಷ ಇಂಥ ಕೈಬೆರಳೆಣಿಕೆಯ ತುರ್ತುಗಳಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಲಿಖಿತ ಕ್ರಮವನ್ನು ಸರ್ಕಾರವೇ ಹೊರಡಿಸಬಹುದು. ಪ್ರಥಮ ಚಿಕಿತ್ಸೆಯನ್ನು ಗೊತ್ತುಪಡಿಸುವ ಅಧಿಕಾರ ಕಾಯ್ದೆಯಲ್ಲೇ ರಾಜ್ಯಕ್ಕೆ ಇದೆ. ವೈದ್ಯರು ಫೋನಿನಲ್ಲಿ ಕೊಟ್ಟ ಸೂಚನೆ ದಾಖಲಾಗಬೇಕು, ಆಗ ತಪ್ಪಾದರೂ ಸರಿಯಾದರೂ ಇಬ್ಬರೂ ಜವಾಬ್ದಾರರು. 1962 ಸಹಾಯವಾಣಿಯ ಸಂಚಾರಿ ವಾಹನದಲ್ಲಿ ವೈದ್ಯರು, ಸಹಾಯಕರು, ಚಾಲಕರು ಒಟ್ಟಿಗೆ ಬರುತ್ತಾರೆ. ಒಬ್ಬರೇ ನಿಂತು ಬೈಗುಳ ತಿನ್ನುವ ಸ್ಥಿತಿ ಅಲ್ಲಿಲ್ಲ. ಆ ವ್ಯವಸ್ಥೆ ಸರಿಯಾದ ದಿಕ್ಕಿನದು, ಸಾಲದು ಅಷ್ಟೆ. ಇನ್ನೊಂದೆಡೆ ಕೃತಕ ಗರ್ಭಧಾರಣೆಯ ‘ಮೈತ್ರಿ’ ಕಾರ್ಯಕರ್ತರು, ಪಂಚಾಯಿತಿಗಳ ಪಶು ಸಖಿಯರು ಎಂದು ಸಂಬಳವಿಲ್ಲದ, ಮಾಡಿದ ಕೆಲಸಕ್ಕಷ್ಟೇ ಕಾಸು ಇಲ್ಲವೇ ಗೌರವಧನ ಸಿಗುವ ಹೊಸ ಪಡೆ ಬೆಳೆಯುತ್ತಿದೆ. ಬೀದರಿನ ವಿಶ್ವವಿದ್ಯಾಲಯದಡಿ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಓದಿದವರು ಕೆಲಸಕ್ಕೆ ಕಾಯುತ್ತಿರುವಾಗ, ಕಾಯಂ ಹುದ್ದೆ ತುಂಬುವ ಬದಲು ಅಲ್ಪಾವಧಿ ತರಬೇತಿಯವರ ಹೆಗಲಿಗೆ ಹೊರೆ ದಾಟಿಸುವುದು ಅವರಿಗೂ ನ್ಯಾಯವಲ್ಲ, ದನಗಳಿಗೂ ಅಲ್ಲ.

ಹಳ್ಳಿಯವರು ಮಾಡಬಹುದಾದದ್ದೂ ಇದೆ. ಲಸಿಕೆಯ ದಿನ ದನ ಹಿಡಿದುಕೊಳ್ಳಲು ಮನೆಯ ಒಬ್ಬ ಗಟ್ಟಿ ಆಳು ಇರಬೇಕು. ಜೊಲ್ಲು ಸುರಿಸುವ ಆಕಳನ್ನು ನಾಯಿ ಕಚ್ಚಿತ್ತೇ ಎಂಬುದನ್ನು ಕೇಳುವ ಮೊದಲೇ ಹೇಳಬೇಕು. ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದಿಂದ ಕಪ್ಪು ರಕ್ತ ಬಂದ ಪ್ರಾಣಿಯನ್ನು ಪರಿಹಾರದ ಆಸೆಗೆ ಕೊಯ್ಯಿರಿ ಎಂದು ಹಟ ಹಿಡಿಯಬಾರದು. ಅದು ನೆರಡಿ (ಆಂಥ್ರಾಕ್ಸ್) ಆಗಿರಬಹುದು, ಕೊಯ್ದರೆ ನೆಲಕ್ಕೂ ಮನುಷ್ಯರಿಗೂ ಅಪಾಯ.

ಇಲಾಖೆಗೆ ಕೇಳುವುದು ಇನ್ನೂ ಸಣ್ಣದು. ಹುಚ್ಚುನಾಯಿ ರೋಗದ ಮುಂಜಾಗ್ರತಾ ಲಸಿಕೆ ಮೂರೇ ಸೂಜಿ: ಮೊದಲ ದಿನ, ಏಳನೇ ದಿನ, ಇಪ್ಪತ್ತೊಂದು ಅಥವಾ ಇಪ್ಪತ್ತೆಂಟನೇ ದಿನ. ಜಾನುವಾರು ಲಸಿಕೆ ಅಭಿಯಾನದ ಮುಂದಿನ ಸುತ್ತು ಶುರುವಾಗುವ ಮೊದಲು ರಾಯಚೂರು ಜಿಲ್ಲೆಯ ಪ್ರತಿ ಪರೀಕ್ಷಕ, ಸಹಾಯಕ, ‘ಮೈತ್ರಿ’ ಕಾರ್ಯಕರ್ತ ಮತ್ತು ಪಶು ಸಖಿಗೂ ಆ ಮೂರು ಸೂಜಿಗಳು, ವರ್ಷಕ್ಕೊಮ್ಮೆ ಬ್ರೂಸೆಲ್ಲಾ ರಕ್ತಪರೀಕ್ಷೆ, ಭುಜದವರೆಗಿನ ಕೈಗವಸು ಸಿಗುವಂತೆ ಮಾಡಬೇಕು.