ಗೇರ್ ಗಾಡಿನಾ, ಆಟೋಮ್ಯಾಟಿಕ್ಕಾ? ಬ್ರೋಕರ್‌ನ ಕೇಳೋ ಮೊದಲು ಮನೇಲಿ ಕೇಳಿ

ಕಾಫಿ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದಾಗ, ಇಲ್ಲಾಂದ್ರೆ ಶುಂಠಿಗೆ ಒಳ್ಳೆ ರೇಟು ಸಿಕ್ಕ ವರ್ಷ, ನಮ್ಮ ಹಾಸನ ಜಿಲ್ಲೆಯ ಊರುಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಶುರುವಾಗುತ್ತೆ. ಪೇಪರಿನವರಿಗೆ ಎಲ್ಲ ಗೊತ್ತಿರುತ್ತೆ ಅನ್ನೋ ನಂಬಿಕೆಯಿಂದ ನಮಗೂ ಫೋನ್ ಬರುತ್ತೆ. ಮೊದಲೆಲ್ಲ ಪ್ರಶ್ನೆ ಒಂದೇ ಇತ್ತು: ಪೆಟ್ರೋಲಾ, ಡೀಸೆಲ್ಲಾ? ಈಗ ಇನ್ನೊಂದು ಸೇರಿಕೊಂಡಿದೆ: ಗೇರ್ ಗಾಡಿ ತಗೊಳ್ಳೋದಾ, ಆಟೋಮ್ಯಾಟಿಕ್ ತಗೊಳ್ಳೋದಾ?

ಊರಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರ ಇವೆ. "ಆಟೋಮ್ಯಾಟಿಕ್ ಅಂದ್ರೆ ಹೆಂಗಸರ ಗಾಡಿ, ನಮ್ ರೋಡಿಗೆ ಆಗಲ್ಲ" ಅನ್ನೋದು ಅರಳಿಕಟ್ಟೆ ಉತ್ತರ. "ಈ ಕಾಲದಲ್ಲಿ ಕ್ಲಚ್ ತುಳ್ಕೊಂಡು ಯಾರಣ್ಣ ಓಡಿಸ್ತಾರೆ" ಅನ್ನೋದು ಬ್ರೋಕರ್ ಉತ್ತರ. ಎರಡನ್ನೂ ನಾವು ಒಪ್ಪಲ್ಲ. ಮೂರು ನಾಲ್ಕು ಲಕ್ಷ ಹಳ್ಳಿ ಮನೆಗೆ ಸಣ್ಣ ದುಡ್ಡಲ್ಲ. ಅದರಲ್ಲಿ ಎಷ್ಟೋ ಸಲ ಒಡವೆ ಅಡವಿಟ್ಟ ದುಡ್ಡೂ ಸೇರಿರುತ್ತೆ. ಹಾಗಾಗಿ ನಿಧಾನಕ್ಕೆ ನೋಡೋಣ.

ಆಟೋಮ್ಯಾಟಿಕ್ ಅಂದ್ರೆ ಒಂದೇ ಅಲ್ಲ

ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಆಟೋಮ್ಯಾಟಿಕ್ ಅಂತ ಒಂದೇ ಹೆಸರಿನಲ್ಲಿ ನಾಲ್ಕು ಬಗೆಯ ಗೇರ್‌ಬಾಕ್ಸ್ ಮಾರಾಟ ಆಗ್ತಿವೆ.

ಮೊದಲನೆಯದು ಎಎಂಟಿ. ನಮ್ಮ ದೇಶದಲ್ಲಿ ಇದು ಜನಸಾಮಾನ್ಯರ ಕಾರಿಗೆ ಬಂದಿದ್ದು 2014ರಲ್ಲಿ, ಮಾರುತಿ ಸೆಲೆರಿಯೊ ಜೊತೆ. ಆಮೇಲೆ ಆಲ್ಟೊ ಕೆ10, ವ್ಯಾಗನ್ ಆರ್, ಕ್ವಿಡ್, ಟಿಯಾಗೊ, ಸ್ವಿಫ್ಟ್ ಎಲ್ಲದರಲ್ಲೂ ಬಂತು. ಇದರೊಳಗೆ ಇರೋದು ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ ಪ್ಲೇಟೇ. ಕ್ಲಚ್ ತುಳಿಯೋ, ಗೇರ್ ಬದಲಿಸೋ ಕೆಲಸವನ್ನು ನಿಮ್ಮ ಕಾಲು, ಕೈ ಬದಲು ಒಂದು ಯಂತ್ರ ಮಾಡುತ್ತೆ. ಆ ಯಂತ್ರಕ್ಕೆ ಆಕ್ಚುಯೇಟರ್ ಅಂತಾರೆ. ಮೈಲೇಜು ಹೆಚ್ಚುಕಮ್ಮಿ ಗೇರ್ ಗಾಡಿಯಷ್ಟೇ. ಮೊದಲ ಸೆಲೆರಿಯೊಗೆ ಕಂಪನಿ ಹೇಳಿದ್ದು ಎರಡಕ್ಕೂ ಒಂದೇ ಲೆಕ್ಕ, ಲೀಟರಿಗೆ 23.1 ಕಿ.ಮೀ. "ಆಟೋಮ್ಯಾಟಿಕ್ ಪೆಟ್ರೋಲ್ ಕುಡಿಯುತ್ತೆ" ಅನ್ನೋ ಹಳೇ ಮಾತು ಎಎಂಟಿಗೆ ಅನ್ವಯಿಸಲ್ಲ.

ಎರಡನೆಯದು ಟಾರ್ಕ್ ಕನ್ವರ್ಟರ್. ಇದರಲ್ಲಿ ಕ್ಲಚ್ ಪೆಡಲ್ಲಿಗೆ ಜೋಡಿಸುವಂಥ ಮಾಮೂಲಿ ಕ್ಲಚ್ ಇಲ್ಲ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುತ್ತೆ. ಗಟ್ಟಿ ವ್ಯವಸ್ಥೆ, ಆದರೆ ಹಳೇ ಮಾದರಿಗಳು ಪೆಟ್ರೋಲ್ ಜಾಸ್ತಿ ಕೇಳುತ್ತವೆ. ಮೂರನೆಯದು ಸಿವಿಟಿ. ಗೇರ್ ಹಲ್ಲಿನ ಬದಲು ಎರಡು ರಾಟೆ, ನಡುವೆ ಉಕ್ಕಿನ ಬೆಲ್ಟು. ಓಡಿಸಕ್ಕೆ ಬೆಣ್ಣೆ, ಕೆಟ್ಟರೆ ರಿಪೇರಿ ದುಬಾರಿ. ನಾಲ್ಕನೆಯದು ಎರಡು ಕ್ಲಚ್ಚಿನ ಡಿಸಿಟಿ. ವೇಗ ಚೆನ್ನಾಗಿರುತ್ತೆ, ಆದರೆ ಇದರಲ್ಲಿ ಒಣ ಕ್ಲಚ್ ಇರೋ ಬಗೆ ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿಯುವಾಗ, ಘಾಟಿ ಹತ್ತುವಾಗ ಬಿಸಿ ಏರುತ್ತೆ.

ಕಾರಿನ ಹೆಸರು ಒಂದೇ ಆದರೂ ವರ್ಷದ ಮೇಲೆ ಗೇರ್‌ಬಾಕ್ಸ್ ಬದಲಾಗಿರುತ್ತೆ. ಬಲೆನೊದಲ್ಲಿ 2022ಕ್ಕೆ ಮುಂಚೆ ಸಿವಿಟಿ ಇತ್ತು, ಆಮೇಲೆ ಎಎಂಟಿ ಬಂತು. ಆದ್ದರಿಂದ "ಆಟೋಮ್ಯಾಟಿಕ್ಕಾ?" ಅಂತ ಕೇಳಿದರೆ ಸಾಲದು, "ಯಾವ ಆಟೋಮ್ಯಾಟಿಕ್?" ಅಂತ ಕೇಳಿ. ಬ್ರೋಕರ್‌ಗೆ ಗೊತ್ತಿಲ್ಲ ಅಂದ್ರೆ ಅಲ್ಲಿಗೇ ಅಡ್ವಾನ್ಸ್ ಮಾತು ನಿಲ್ಲಿಸಿ.

ಗೇರ್ ಗಾಡಿ ಪರ ಇರೋ ನಿಜವಾದ ಕಾರಣ

ಅರಳಿಕಟ್ಟೆಯವರು "ನಮ್ ರೋಡು" ಅಂತಾರೆ. ನಮ್ಮ ಪ್ರಕಾರ ರೋಡಿಗಿಂತ ದೊಡ್ಡ ಕಾರಣ ಗ್ಯಾರೇಜು.

ಗೇರ್ ಗಾಡಿಯ ಕ್ಲಚ್ ಪ್ಲೇಟ್ ಸವೆದರೆ ಹೋಬಳಿ ಮಟ್ಟದ ಗ್ಯಾರೇಜಿನಲ್ಲೂ ಗೇರ್‌ಬಾಕ್ಸ್ ಇಳಿಸಿ, ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್ ಹಾಕಿ ಸಂಜೆಗೆ ಗಾಡಿ ಕೊಡುತ್ತಾರೆ. ಎಎಂಟಿಯಲ್ಲೂ ಅದೇ ಪ್ಲೇಟು, ಆದರೆ ಹಾಕಿದ ಮೇಲೆ ಕಂಪ್ಯೂಟರ್ ಸ್ಕ್ಯಾನರ್ ಜೋಡಿಸಿ, ಹೊಸ ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಯಂತ್ರಕ್ಕೆ ಮತ್ತೆ ಕಲಿಸಬೇಕು. ಆ ಸ್ಕ್ಯಾನರ್ ಎಲ್ಲ ಮೆಕ್ಯಾನಿಕ್ ಹತ್ತಿರ ಇರಲ್ಲ. ಆಕ್ಚುಯೇಟರ್ರೇ ಕೆಟ್ಟರಂತೂ ಬಿಲ್ಲು ಕ್ಲಚ್ ಪ್ಲೇಟಿನ ಬಿಲ್ಲಿಗಿಂತ ಬಹಳ ಮೇಲಕ್ಕೆ ಹೋಗುತ್ತೆ. ಸಿವಿಟಿ, ಡಿಸಿಟಿ ಅಂದರೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು, ಕೆಲವು ಸಲ ಬೆಂಗಳೂರಿಗೆ.

ಬ್ಯಾಟರಿ ಇಳಿದಾಗ ಇನ್ನೊಂದು ಕಷ್ಟ. ಗೇರ್ ಗಾಡಿಯನ್ನು ನಾಲ್ಕು ಜನ ತಳ್ಳಿದರೆ ಸ್ಟಾರ್ಟ್ ಆಗುತ್ತೆ. ಎಎಂಟಿಯೂ ಸೇರಿ ಆಟೋಮ್ಯಾಟಿಕ್ ಗಾಡಿಗಳು ತಳ್ಳಿದರೆ ಸ್ಟಾರ್ಟ್ ಆಗಲ್ಲ, ಇನ್ನೊಂದು ಬ್ಯಾಟರಿಯಿಂದ ವೈರ್ ಕೊಡಬೇಕು. ಕೆಟ್ಟು ನಿಂತ ಸಿವಿಟಿ, ಟಾರ್ಕ್ ಕನ್ವರ್ಟರ್ ಗಾಡಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ದೂರ ಎಳೆಯೋದೂ ತಪ್ಪು. ಎಂಜಿನ್ ಓಡದಿದ್ದಾಗ ಗೇರ್‌ಬಾಕ್ಸಿನ ಎಣ್ಣೆ ಪಂಪ್ ಕೆಲಸ ಮಾಡಲ್ಲ, ಒಳಗಿನ ಭಾಗ ಒಣಗಿ ಹಾಳಾಗುತ್ತೆ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಸಿಕ್ಕಿಕೊಳ್ಳೋ ನಮಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ರಾತ್ರಿ ಹನ್ನೊಂದಕ್ಕೆ ಯಾರು ಓಡಿಸ್ತಾರೆ?

ಇಷ್ಟು ಓದಿದವರು "ಹಾಗಾದ್ರೆ ಗೇರ್ ಗಾಡಿನೇ ಸರಿ" ಅನ್ನಬಹುದು. ನಿಲ್ಲಿ. ನಮ್ಮ ಊರುಗಳ ಕಾರುಗಳನ್ನು ನೋಡಿ. ಮನೆಯಲ್ಲಿ ಐದಾರು ಜನ ಇರುತ್ತಾರೆ, ಕಾರು ಓಡಿಸೋಕೆ ಬರೋದು ಒಬ್ಬನಿಗೆ. ಅವನು ಬೆಂಗಳೂರಿಗೆ ಹೋದ ದಿನ ಕಾರು ಟಾರ್ಪಲ್ ಹೊದ್ದುಕೊಂಡು ಕೊಟ್ಟಿಗೆ ಪಕ್ಕ ನಿಂತಿರುತ್ತೆ. ಅದೇ ರಾತ್ರಿ ಅಪ್ಪನಿಗೆ ಎದೆನೋವು ಬಂದರೆ ಪಕ್ಕದ ಮನೆ ಹುಡುಗನನ್ನು ಎಬ್ಬಿಸಬೇಕು, ಇಲ್ಲಾಂದ್ರೆ 108ಕ್ಕೆ ಕಾಯಬೇಕು. ಸಾಲ ಮಾಡಿ ತಂದ ಕಾರು ಬೇಕಾದ ಹೊತ್ತಿಗೆ ಇದ್ದೂ ಇಲ್ಲದ ಹಾಗೆ.

ಹೆಂಗಸರು ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿರುತ್ತಾರೆ. ಮನೆಗೆ ಬಂದು ಏರಿನಲ್ಲಿ ಒಂದು ಸಲ ಗಾಡಿ ಹಿಂದಕ್ಕೆ ಜಾರಿ, ಪಕ್ಕದಲ್ಲಿ ಕೂತವರು ಕೂಗಾಡಿದ ಮೇಲೆ ಸ್ಟೀರಿಂಗ್ ಮುಟ್ಟಿರಲ್ಲ. ಅರವತ್ತು ದಾಟಿದ ಯಜಮಾನರಿಗೆ ಓಡಿಸೋಕೆ ಬರುತ್ತೆ, ಎಡ ಮಂಡಿ ಕ್ಲಚ್ ತುಳಿಯೋಕೆ ಬಿಡಲ್ಲ. ಇಂಥ ಮನೆಗಳಲ್ಲಿ ಆಟೋಮ್ಯಾಟಿಕ್ ಅಂದ್ರೆ ಶೋಕಿ ಅಲ್ಲ. ಒಬ್ಬ ಡ್ರೈವರ್ ಇದ್ದ ಮನೆಯಲ್ಲಿ ಇಬ್ಬರು ಮೂವರು ಡ್ರೈವರ್ ಆಗುತ್ತಾರೆ. ಲೈಸೆನ್ಸೂ ಅಡ್ಡಿಯಲ್ಲ. ಬೈಕಿಗೆ ಗೇರ್ ಇರೋದು, ಇಲ್ಲದ್ದು ಅಂತ ಬೇರೆ ಬೇರೆ ಇದೆ. ಕಾರಿಗೆ ಎಲ್‌ಎಂವಿ ಒಂದೇ.

"ಹೆಂಗಸರ ಗಾಡಿ" ಅಂತ ನಗೋರಿಗೆ ಒಂದು ಮಾತು. 2001ರಲ್ಲಿ ಆಕ್ಟಿವಾ ಬಂದಾಗ ಗೇರ್ ಇಲ್ಲದ ಸ್ಕೂಟರ್ ಬಗ್ಗೆಯೂ ಹೀಗೇ ನಕ್ಕವರಿದ್ದರು. ಇವತ್ತು ಟೀಚರ್, ಆಶಾ ಕಾರ್ಯಕರ್ತೆಯರು ಅದರಲ್ಲೇ ಊರೂರು ಸುತ್ತುತ್ತಾರೆ. ಅವತ್ತು ನಕ್ಕವರೂ ಅದರ ಮುಂದೆ ಹಾಲಿನ ಕ್ಯಾನ್ ಇಟ್ಟುಕೊಂಡು ಡೇರಿಗೆ ಹೋಗುತ್ತಾರೆ.

ಬೆಂಗಳೂರು ಗಾಡಿ, ಕಮ್ಮಿ ಕಿಲೋಮೀಟರ್

ನಮ್ಮ ಕಡೆ ಮಾರಾಟಕ್ಕೆ ಬರೋ ಆಟೋಮ್ಯಾಟಿಕ್‌ಗಳಲ್ಲಿ ಬೆಂಗಳೂರು ನಂಬರಿನವೇ ಜಾಸ್ತಿ ಕಾಣಿಸುತ್ತವೆ. "ಬರೀ ನಲವತ್ತು ಸಾವಿರ ಕಿಲೋಮೀಟರ್, ಆಫೀಸಿಗೆ ಹೋಗಿ ಬಂದಿರೋದಷ್ಟೇ" ಅಂತ ಹೇಳುತ್ತಾರೆ. ಆ "ಆಫೀಸಿಗೆ ಹೋಗಿ ಬಂದಿದ್ದು" ಅನ್ನೋದೇ ಯೋಚಿಸಬೇಕಾದ ಮಾತು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒಂದು ಕಿಲೋಮೀಟರ್ ಹೋಗಲು ಎಎಂಟಿಯ ಕ್ಲಚ್ ಎಷ್ಟು ಸಲ ಹಿಡಿದು ಬಿಡುತ್ತೆ ಅಂತ ಲೆಕ್ಕ ಹಾಕಿ. ಹೈವೇಯಲ್ಲಿ ಎಂಬತ್ತು ಸಾವಿರ ಓಡಿದ ಗಾಡಿಯ ಕ್ಲಚ್ ಅದಕ್ಕಿಂತ ಚೆನ್ನಾಗಿರಬಹುದು. ಮೀಟರ್ ತಿರುಗಿಸೋರೂ ಇದ್ದಾರೆ. ಆದ್ದರಿಂದ ಕಿಲೋಮೀಟರ್ ನೋಡಿ ಮರುಳಾಗಬೇಡಿ, ಓಡಿಸಿ ನೋಡಿ.

ಹೀಗೆ ಪರೀಕ್ಷೆ ಮಾಡಿ

ಗಾಡಿ ನೋಡೋಕೆ ಹೋದಾಗ ಬಾನೆಟ್ ಮುಟ್ಟಿ. ಎಂಜಿನ್ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿರಬಹುದು.

ಆಟೋಮ್ಯಾಟಿಕ್ ಆದರೆ ಬ್ರೇಕ್ ತುಳಿದುಕೊಂಡು ಡಿ ಯಿಂದ ಆರ್‌ಗೆ, ಆರ್‌ನಿಂದ ಡಿಗೆ ಹಾಕಿ. ತುಂಬ ತಡ ಆದರೆ, "ದಡ್" ಅಂತ ಹೊಡೆದರೆ ಅನುಮಾನ ಪಡಿ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ. ಗಾಡಿ ನಡುಗಿದರೆ, ಸುಟ್ಟ ವಾಸನೆ ಬಂದರೆ ಕ್ಲಚ್ ಮುಗಿಯುತ್ತಾ ಬಂದಿದೆ. ಎಎಂಟಿಯಲ್ಲಿ ಮ್ಯಾನ್ಯುವಲ್ ಮೋಡಿಗೆ ಹಾಕಿ ಒಂದೊಂದೇ ಗೇರ್ ಏರಿಸಿ, ಇಳಿಸಿ. ಅರ್ಧ ಗಂಟೆ ಓಡಿಸಿದ ಮೇಲೆ ಪೇಟೆಯ ಟ್ರಾಫಿಕ್ಕಿಗೆ ತಗೊಂಡು ಹೋಗಿ. ಬಿಸಿಯಾದ ಮೇಲೇ ಎಷ್ಟೋ ಕಾಯಿಲೆ ಹೊರಗೆ ಬರೋದು.

ಗೇರ್ ಗಾಡಿ ಆದರೆ, ಖಾಲಿ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕೂ ತುಳಿದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಆಫ್ ಆಗದೆ ಗೊರ ಗೊರ ಓಡುತ್ತಿದ್ದರೆ ಪ್ಲೇಟು ಜಾರುತ್ತಿದೆ.

ಯಾವುದೇ ಆಗಲಿ, ಕಂಪನಿ ಸರ್ವಿಸ್ ಸೆಂಟರಿಗೆ ಒಯ್ದು ಸ್ಕ್ಯಾನ್ ಮಾಡಿಸಿ, ಸರ್ವಿಸ್ ಹಿಸ್ಟರಿ ಕೇಳಿ. ಮಾರೋರು "ಅದೆಲ್ಲ ಯಾಕೆ" ಅಂದ್ರೆ ಗಾಡಿ ಅಲ್ಲೇ ಬಿಟ್ಟು ಬನ್ನಿ. ಕೊಂಡ ಮೇಲೆ ಆರ್‌ಸಿ ಮತ್ತು ಇನ್ಶೂರೆನ್ಸ್ ಎರಡನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇನ್ಶೂರೆನ್ಸ್ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು.

ನಮ್ಮ ಅಭಿಪ್ರಾಯ

ಮನೆಯಲ್ಲಿ ಇಬ್ಬರಾದರೂ ಧೈರ್ಯವಾಗಿ ಗೇರ್ ಗಾಡಿ ಓಡಿಸ್ತಾರಾ? ಹಾಗಾದರೆ ಗೇರ್ ಗಾಡಿಯೇ ತಗೊಳ್ಳಿ. ಹೊಸದರಲ್ಲೇ ಸಣ್ಣ ಕಾರಿನ ಎಎಂಟಿಗೆ ಸುಮಾರು ನಲವತ್ತು ಐವತ್ತು ಸಾವಿರ ಜಾಸ್ತಿ ಇರುತ್ತೆ, ಹಳೆಯದರಲ್ಲೂ ಆ ವ್ಯತ್ಯಾಸ ಪೂರ್ತಿ ಹೋಗಲ್ಲ. ಉಳಿದ ದುಡ್ಡಲ್ಲಿ ನಾಲ್ಕು ಹೊಸ ಟೈರು, ಹೊಸ ಬ್ಯಾಟರಿ ಬರುತ್ತೆ.

ಓಡಿಸೋನು ಒಬ್ಬನೇ, ಉಳಿದವರು ಕ್ಲಚ್ಚಿಗೆ ಹೆದರಿ ಇಲ್ಲವೇ ಕಾಲುನೋವಿಗೆ ಹಿಂದೆ ಸರಿದಿದ್ದಾರಾ? ಹಾಗಾದರೆ ಸಣ್ಣ ಕಾರಿನ ಎಎಂಟಿ ತಗೊಳ್ಳಿ, ಸರ್ವಿಸ್ ಸೆಂಟರ್ ಹತ್ತಿರದಲ್ಲಿರೋ ಕಂಪನಿಯದು. ರಿಪೇರಿಗೆ ಅಂತ ಸ್ವಲ್ಪ ದುಡ್ಡು ಬೇರೆ ಎತ್ತಿಡಿ. ಹಿಲ್ ಹೋಲ್ಡ್ ಇದ್ದರೆ ಒಳ್ಳೇದು, ಏರಿನಲ್ಲಿ ಹಿಂದಕ್ಕೆ ಜಾರಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡು ಗಾಡಿ ನಿಲ್ಲಿಸಬೇಡಿ, ಕ್ಲಚ್ ಸುಡುತ್ತೆ, ಬ್ರೇಕ್ ಬಳಸಿ. ಶಿರಾಡಿ ಇಳಿಯುವಾಗ ಮ್ಯಾನ್ಯುವಲ್ ಮೋಡಿಗೆ ಹಾಕಿ ಸಣ್ಣ ಗೇರಿನಲ್ಲಿ ಇಳಿಸಿ. ಎಡಗಾಲು ಪೆಡಲ್ ಕಡೆ ತರಲೇಬೇಡಿ, ಎರಡೂ ಪೆಡಲ್ ಬಲಗಾಲಿಗೇ.

ವಾರಂಟಿ ಮುಗಿದ, ಸರ್ವಿಸ್ ದಾಖಲೆ ಇಲ್ಲದ ಸಿವಿಟಿ, ಡಿಸಿಟಿ ಎಷ್ಟೇ ಅಗ್ಗಕ್ಕೆ ಬಂದರೂ ಹಳ್ಳಿ ಮನೆಗೆ ಬೇಡ. ಅಗ್ಗಕ್ಕೆ ಬರೋದಕ್ಕೂ ಒಂದು ಕಾರಣ ಇರುತ್ತೆ.

ನಮ್ಮಲ್ಲಿ ಕಾರಿನ ಮಾತು ಗಂಡಸರೇ ಜಗಲಿ ಮೇಲೆ ಕೂತು ಮುಗಿಸಿಬಿಡುತ್ತಾರೆ. ಅಡ್ವಾನ್ಸ್ ಕೊಡೋ ಮೊದಲು ಒಂದು ಸಲ ಒಳಗೆ ಹೋಗಿ ಅಮ್ಮನನ್ನ, ಹೆಂಡತಿಯನ್ನ, ಕಾಲೇಜಿಗೆ ಹೋಗೋ ಮಗಳನ್ನ ಕೇಳಿ: "ಗೇರ್ ಇಲ್ಲದ್ದಾದ್ರೆ ನೀನು ಓಡಿಸ್ತೀಯಾ?" ಒಬ್ಬರಾದರೂ ಹೂಂ ಅಂದ್ರೆ, ಯಾವ ಗಾಡಿ ಅಂತ ಬ್ರೋಕರ್‌ನ ಕೇಳೋ ಅಗತ್ಯ ಇಲ್ಲ.