ಸೂಜಿ ಬಿಟ್ಟವನನ್ನು ಯಾರು ನೋಡಬೇಕು?

ತುಮಕೂರಿನ ಶೆಟ್ಟಿಹಳ್ಳಿ ಕಡೆಯ ಹುಡುಗನೊಬ್ಬ ಜಿಮ್ಮಿನಲ್ಲಿ ಯಾರೋ ಕೊಟ್ಟ ಸ್ಟೆರಾಯ್ಡ್ ಸೂಜಿ ಚುಚ್ಚಿಸಿಕೊಂಡು ತೋಳನ್ನು 16 ಇಂಚಿಗೆ ಏರಿಸಿದ್ದ. ಮದುವೆ ಗೊತ್ತಾದ ಮೇಲೆ ಹೆದರಿ ಬಿಟ್ಟ. ಮೂರೇ ತಿಂಗಳಿಗೆ ನಿಶ್ಚಿತಾರ್ಥಕ್ಕೆ ಹೊಲಿಸಿದ ಶರ್ಟಿನ ತೋಳು ಜೋಲು ಬಿತ್ತು. "ಎಲ್ಲಾ ಇಳ್ದೋಯ್ತು ಸಾರ್, ಇನ್ನೊಂದು ಕೋರ್ಸ್ ಹಾಕ್ಲಾ?" ಅಂದ.

ಇಂಥವನಿಗೆ ನಾವು ಕೊಡುವ ಉತ್ತರ ಒಂದೇ: ಮಾಡಿದ್ದುಣ್ಣೋ ಮಹಾರಾಯ. ನನ್ನ ತಕರಾರು ಈ ಉತ್ತರದ ಮೇಲೆಯೇ.

ಸ್ಟೆರಾಯ್ಡ್ ಅಂದರೆ ನಮಗೆ ಶಿಕ್ಷೆಯ ಲೆಕ್ಕ ಮಾತ್ರ ಗೊತ್ತು. ಕುಂದಾಪುರ ಸೀಮೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2011ರಲ್ಲಿ ಮೆಥಾಂಡಿಯೆನೋನ್ ಎಂಬ ಸ್ಟೆರಾಯ್ಡಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ಕೋಚ್ ಕೊಟ್ಟ ಜಿನ್‌ಸೆಂಗ್ ಕಾರಣವೆಂದರು. ಒಂದು ವರ್ಷದ ನಿಷೇಧ ಮೇಲ್ಮನವಿಯಲ್ಲಿ ಎರಡಾಯಿತು. ತಪ್ಪು ಯಾರದು, ಎಷ್ಟು ವರ್ಷ ಎಂದು ಊರೆಲ್ಲ ಚರ್ಚಿಸಿತು. ಕ್ರೀಡಾಪಟುವಿಗಾದರೂ ಉದ್ದೀಪನ ಮದ್ದು ತಡೆಯುವ ಸಂಸ್ಥೆ ನಾಡಾ ಇದೆ, ನಿಯಮವಿದೆ. ಗಲ್ಲಿ ಜಿಮ್ಮಿನ ಹುಡುಗನಿಗೆ ಯಾರಿದ್ದಾರೆ?

ಈ ಸೂಜಿಯಿಂದ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಹೊರಗಿನಿಂದ ಬಂತೆಂದರೆ ಪಿಟ್ಯುಟರಿ ಗ್ರಂಥಿ ಸುಮ್ಮನಾಗುತ್ತದೆ, ವೃಷಣ ಕೆಲಸ ಬಿಡುತ್ತದೆ. ಸೂಜಿ ನಿಲ್ಲಿಸಿದ ಮರುದಿನವೇ ಅದು ಎದ್ದು ಕೂರುವುದಿಲ್ಲ. ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ದಾಟುತ್ತದೆ. ಆ ನಡುವೆ ಸುಸ್ತು, ಮಂಕು, ವೀರ್ಯಾಣುವಿನ ಕೊರತೆ. ಸೂಜಿ ಕೊಟ್ಟವನೇ ಆಗ 'ಪಿಸಿಟಿ', ಅಂದರೆ ಕೋರ್ಸ್ ಮುಗಿದ ಮೇಲಿನ ಚಿಕಿತ್ಸೆ, ಎಂದು ಇನ್ನೊಂದು ಪೊಟ್ಟಣ ತರುತ್ತಾನೆ: ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್, ಬಸಿರಾಗಲೆಂದು ಹೆಂಗಸರಿಗೆ ಕೊಡುವ ಕ್ಲೋಮಿಫೀನ್. ವೈದ್ಯರು ರಕ್ತ ಪರೀಕ್ಷೆ ನೋಡಿ ಬರೆಯಬೇಕಾದದ್ದನ್ನು ಈತ ಅಂದಾಜಿನ ಮೇಲೆ ಮಾರುತ್ತಾನೆ. ಹುಡುಗನ ಹೆದರಿಕೆಯೇ ಅವನ ಅಂಗಡಿ.

ತೋಳಿನಲ್ಲಿ ಇಳಿದದ್ದೆಲ್ಲ ಮಾಂಸವೂ ಅಲ್ಲ, ಅದರಲ್ಲಿ ನೀರೂ ಇತ್ತು. ಔಷಧಿ ಏರಿಸಿದ್ದು ಒಂದಿಷ್ಟು ಹೋಗಿಯೇ ಹೋಗುತ್ತದೆ. ಉಳಿದದ್ದನ್ನು ಕಾಯಲು ಭಾರ ಇಳಿಸದೆ ಸೆಟ್‌ಗಳನ್ನು ಕಡಿಮೆ ಮಾಡಿದರೆ ಸಾಕು. ಮೈತೂಕದ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನು, ಅಂದರೆ 70 ಕಿಲೋ ಆಳಿಗೆ ದಿನಕ್ಕೆ 110 ಗ್ರಾಂ. ಬರೀ ಮುದ್ದೆಯಲ್ಲಿ ಇದು ಆಗುವ ಮಾತಲ್ಲ. ಹುರುಳಿ, ಮೊಟ್ಟೆ, ಮೊಸರು ಜೊತೆಗಿರಬೇಕು. ಓಸ್ಲೋದ ವಿಜ್ಞಾನಿಗಳು 2013ರಲ್ಲಿ ತೋರಿಸಿದಂತೆ, ಟೆಸ್ಟೋಸ್ಟೆರಾನ್ ನಿಲ್ಲಿಸಿ ಮೂರು ತಿಂಗಳಾದ ಮೇಲೂ ಇಲಿಯ ಸ್ನಾಯುವಿನಲ್ಲಿ ಹೆಚ್ಚುವರಿ ಕೋಶಕೇಂದ್ರಗಳು ಉಳಿದಿದ್ದವು. ಮತ್ತೆ ದುಡಿಸಿದಾಗ ಅದು ಬೇಗ ಬೆಳೆಯಿತು. ಆಗಿನ ಎರಡು ವರ್ಷದ ನಿಷೇಧಕ್ಕೆ ಇದು ಮುಜುಗರದ ಸುದ್ದಿ: ಔಷಧಿಯ ಲಾಭ ಅದಕ್ಕಿಂತ ಹೆಚ್ಚು ಕಾಲ ಉಳಿಯಬಹುದು. ನಮ್ಮ ಹುಡುಗನಿಗೆ ಸಣ್ಣ ಸಮಾಧಾನ, ಇಲಿಯದಾದರೂ.

ಟೆಸ್ಟೋಸ್ಟೆರಾನ್, ನ್ಯಾಂಡ್ರೊಲೋನ್ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಔಷಧಗಳು. ಔಷಧ ನಿಯಂತ್ರಣ ಇಲಾಖೆ ಜಿಮ್ಮುಗಳ ಬಾಗಿಲನ್ನೂ ತಟ್ಟಲಿ. ಅದಕ್ಕಿಂತ ಮೊದಲು, ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಬೈಯದೆ ನೋಡುವ ಒಬ್ಬ ಡಾಕ್ಟರು ಕೂರಲಿ. ಬೈಗುಳಕ್ಕೆ ಹೆದರಿದವನು ಸೂಜಿಯವನ ಹತ್ತಿರವೇ ಮರಳುತ್ತಾನೆ.

ಹುಡುಗನಿಗೆ ಎರಡು ಮಾತು ಹೇಳಿದೆ. ಮೊದಲು ರಕ್ತ ಪರೀಕ್ಷೆ ಮಾಡಿಸು. ಆಮೇಲೆ ಶರ್ಟನ್ನು ಟೈಲರಿಗೆ ಕೊಡು. ಬಟ್ಟೆ ಕತ್ತರಿಸಬೇಡ, ಒಳಗೆ ಹಿಡಿದು ಹೊಲಿ ಅನ್ನು.