ಆಟದ ಬಾಳಿಕೆಯೂ ವಿದ್ಯಾಪೀಠದ ಕೀರ್ತಿಯೂ

ವಿದ್ಯಾಸಂಸ್ಥೆಯೊಂದು ತನ್ನ ಹಳೆಯ ವಿದ್ಯಾರ್ಥಿಗಳ ಹೆಸರು ಹೇಳಿಕೊಂಡು ಹೆಮ್ಮೆಪಡುವುದು ಸಹಜವೂ ಹೌದು, ಉಚಿತವೂ ಹೌದು. ಆದರೆ ಆ ಹೆಮ್ಮೆಗೆ ಆಧಾರವಾದ ಲೆಕ್ಕವು ಸರಿಯಾಗಿರಬೇಕೆಂಬುದನ್ನು ಬಹುಮಂದಿ ಮರೆಯುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಿಷಿಗನ್ ವಿಶ್ವವಿದ್ಯಾನಿಲಯವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಬೋಧಪ್ರದವಾಗಿದೆ. 1817ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಸ್ಥಾಪಿತವಾಗಿ, 1837ರಲ್ಲಿ ಆನ್ ಆರ್ಬರ್ ಪಟ್ಟಣಕ್ಕೆ ಬಂದು ನೆಲೆಸಿದ ಈ ವಿದ್ಯಾಪೀಠವು 1879ರಿಂದ ಫುಟ್‌ಬಾಲ್ ಆಡುತ್ತ ಬಂದಿದೆ. 1927ರಲ್ಲಿ ತೆರೆದ ಅದರ ಕ್ರೀಡಾಂಗಣದಲ್ಲಿ ಇಂದು ಒಂದು ಲಕ್ಷಕ್ಕೂ ಮೀರಿದ ಪ್ರೇಕ್ಷಕರು ಕುಳಿತು ನೋಡಬಹುದು. ಅಲ್ಲಿಂದ ಹೊರಟು ವೃತ್ತಿಪರ ತಂಡಗಳನ್ನು ಸೇರಿದ ತರುಣರು ಆ ವೃತ್ತಿಯಲ್ಲಿ ಎಷ್ಟು ಕಾಲ ನಿಂತರು, ಏತರಿಂದ ನಿಂತರು, ಅದರ ಕೀರ್ತಿ ಎಷ್ಟರಮಟ್ಟಿಗೆ ವಿದ್ಯಾಪೀಠಕ್ಕೆ ಸಲ್ಲತಕ್ಕದ್ದು ಎಂಬುದೇ ಇಲ್ಲಿನ ವಿಚಾರ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ಕನ್ನಡಿಗರು ಬಲ್ಲ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡು ಬಹುಪಾಲು ಕೈಯಲ್ಲಿಯೇ ಇರುತ್ತದೆ. ಹಿಡಿದು ಓಡುವವನನ್ನು ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಲೋಹದ ಜಾಲರಿಯ ಶಿರಸ್ತ್ರಾಣವನ್ನೂ ಹೆಗಲಿನ ಕವಚವನ್ನೂ ಧರಿಸದೆ ಯಾರೂ ಕಣಕ್ಕಿಳಿಯುವುದಿಲ್ಲ. ಈ ಒಂದು ಸಂಗತಿಯನ್ನು ತಿಳಿದವರಿಗೆ, ಆ ವೃತ್ತಿಯಲ್ಲಿ ಹತ್ತು ವರ್ಷ ಉಳಿಯುವುದೆಂದರೆ ಏನೆಂಬುದು ತಾನಾಗಿಯೇ ಹೊಳೆಯುತ್ತದೆ.

ವೃತ್ತಿಯ ಸರಾಸರಿ ಅವಧಿಯ ಬಗ್ಗೆ ಒಮ್ಮತವಿಲ್ಲ. ಆಟಗಾರರ ಸಂಘವು ಹೇಳುತ್ತ ಬಂದಿರುವುದು ಸುಮಾರು 3.3 ವರ್ಷ. ತಂಡಗಳ ಒಡೆಯರ ಕೂಟವಾದ ಲೀಗು ಸುಮಾರು 6 ವರ್ಷವೆಂದು ವಾದಿಸಿದೆ. ಎರಡರಲ್ಲಿ ಯಾವುದೂ ಸುಳ್ಳಲ್ಲ! ಒಪ್ಪಂದಕ್ಕೆ ಸಹಿ ಮಾಡಿದ ಪ್ರತಿಯೊಬ್ಬನನ್ನೂ ಆಟಗಾರರ ಸಂಘ ಎಣಿಸುತ್ತದೆ. ಮೊದಲ ವರ್ಷದ ಆರಂಭದ ದಿನದಂದು ತಂಡದಲ್ಲಿ ಸ್ಥಾನ ಪಡೆದವರನ್ನು ಮಾತ್ರ ಲೀಗು ಎಣಿಸುತ್ತದೆ. ಬಾಗಿಲಲ್ಲಿಯೇ ಹಿಂದಿರುಗಿದವರನ್ನು ಬಿಟ್ಟು ಲೆಕ್ಕಹಾಕಿದರೆ ಮನೆಯೊಳಗಿರುವವರೆಲ್ಲ ದೀರ್ಘಾಯುಗಳಾಗಿ ಕಾಣುವುದರಲ್ಲಿ ಆಶ್ಚರ್ಯವೇನು? ವಿದ್ಯಾಪೀಠಗಳೂ ತಮ್ಮ ಪಟ್ಟಿಗಳನ್ನು ಇದೇ ಬಗೆಯಲ್ಲಿ ಸಿದ್ಧಪಡಿಸುತ್ತವೆ. ಉಳಿದವರ ಭಾವಚಿತ್ರ ಗೋಡೆಯ ಮೇಲಿರುತ್ತದೆ; ಉಳಿಯದವರ ಹೆಸರು ದಫ್ತರದಲ್ಲಿರುತ್ತದೆ.

ಮಿಷಿಗನ್ನಿನ ಗೋಡೆಯ ಮೇಲೆ ಎಲ್ಲರಿಗಿಂತ ಎತ್ತರದಲ್ಲಿ ಇರಬೇಕಾದ ಚಿತ್ರ ಟಾಮ್ ಬ್ರೇಡಿಯವರದು. 2000ದಿಂದ 2022ರವರೆಗೆ 23 ಋತುಗಳನ್ನು ಆಡಿ, 7 ಬಾರಿ ಸೂಪರ್ ಬೌಲ್ ಗೆದ್ದು, 45ನೆಯ ವಯಸ್ಸಿನಲ್ಲಿ ಅವರು ನಿವೃತ್ತರಾದರು. ಇದನ್ನು ಕಂಡು ವಿದ್ಯಾಪೀಠವು ‘ನಮ್ಮ ಶಿಕ್ಷಣದ ಫಲ’ ಎಂದು ಹೇಳಿಕೊಂಡರೆ ಅಡ್ಡಿಯಿಲ್ಲವೆಂದು ತೋರಬಹುದು. ಆದರೆ 1997ರಲ್ಲಿ ಮಿಷಿಗನ್ ರಾಷ್ಟ್ರಪ್ರಶಸ್ತಿ ಪಡೆದಾಗ ಬ್ರೇಡಿಯವರು ಬ್ರಯನ್ ಗ್ರೀಸಿಯವರ ಹಿಂದೆ ಕಾಯುತ್ತ ಕುಳಿತವರು. ಕೊನೆಯ ವರ್ಷವಾದ 1999ರಲ್ಲಿಯೂ ಡ್ರೂ ಹೆನ್ಸನ್ ಎಂಬ ಕಿರಿಯನೊಡನೆ ಸ್ಥಾನವನ್ನು ಹಂಚಿಕೊಳ್ಳಬೇಕಾಯಿತು. ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಅವರ ಕ್ರಮಾಂಕ 199. ಅವರ ಸ್ಥಾನದಲ್ಲಿಯೇ ಆಡುವ 6 ಮಂದಿ ಅವರಿಗಿಂತ ಮೊದಲು ಆಯ್ಕೆಯಾಗಿದ್ದರು. 2008ರ ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿ ಆ ವರ್ಷವೆಲ್ಲ ವ್ಯರ್ಥವಾಯಿತು. ಮರುವರ್ಷ ಕ್ವಾರ್ಟರ್‌ಬ್ಯಾಕಿನ ಮೊಣಕಾಲಿಗೆ ನೆಲದ ಮೇಲೆ ಬಿದ್ದವನು ನುಗ್ಗಬಾರದೆಂದು ಲೀಗು ನಿಯಮವನ್ನು ಬಿಗಿಗೊಳಿಸಿತು. ದೀರ್ಘ ಬಾಳಿಕೆಗೆ ವ್ಯಕ್ತಿಯ ಶಿಸ್ತು ಎಷ್ಟು ಕಾರಣವೋ ಇಂತಹ ನಿಯಮಗಳೂ ಅಷ್ಟೇ ಕಾರಣ. ಇವೆರಡರಲ್ಲಿ ವಿದ್ಯಾಪೀಠದ ಪಾಲೆಷ್ಟು? ಕಾಯುವುದನ್ನು ಕಲಿಸಿತೆಂದು ಹೇಳಬಹುದು. ಆದರೆ ಅದು ಕಲಿಸಬೇಕೆಂದು ಉದ್ದೇಶಿಸಿದ ಪಾಠವಾಗಿರಲಿಲ್ಲ.

ಇದಕ್ಕಿಂತಲೂ ವಿಚಾರಾರ್ಹವಾದ ನಿದರ್ಶನ ಇನ್ನೊಂದಿದೆ. 2007ರ ಸೆಪ್ಟೆಂಬರಿನಲ್ಲಿ ಅಪಲೇಷಿಯನ್ ಸ್ಟೇಟ್ ಎಂಬ, ಕೆಳಗಿನ ದರ್ಜೆಯದೆಂದು ಎಣಿಸಲಾಗಿದ್ದ ತಂಡದ ಕೈಯಲ್ಲಿ 34–32ರಿಂದ ಸೋತು ನಗೆಪಾಟಲಾದ ಮಿಷಿಗನ್ ತಂಡದಲ್ಲಿ ಮೂವರು ಸಹಪಾಠಿಗಳಿದ್ದರು: ಜೇಕ್ ಲಾಂಗ್, ಚಾಡ್ ಹೆನ್ನಿ, ಮೈಕ್ ಹಾರ್ಟ್. ಒಂದೇ ಮೈದಾನ, ಒಂದೇ ಗುರುಗಳು, ಒಂದೇ ಕ್ರಮದ ಅಭ್ಯಾಸ. ಮೂವರೂ 2008ರಲ್ಲಿಯೇ ವೃತ್ತಿಗೆ ಕಾಲಿಟ್ಟರು. ಆ ವರ್ಷ ಇಡೀ ದೇಶದಲ್ಲಿ ಮೊಟ್ಟಮೊದಲು ಆಯ್ಕೆಯಾದವರು ಲಾಂಗ್. ಮೊದಲ 4 ವರ್ಷ ಅವರ ಆಟ ಅಪ್ರತಿಮವಾಗಿತ್ತು. ಆಮೇಲೆ 2013ರಲ್ಲಿಯೂ 2014ರಲ್ಲಿಯೂ ಮೊಣಕಾಲಿನ ಸ್ನಾಯುಬಂಧ ಹರಿಯಿತು. 2016ಕ್ಕೆ ಆಟ ಮುಗಿಯಿತು. ಹಾರ್ಟ್ ಅವರು ಚೆಂಡು ಹಿಡಿದು ಓಡಿದ ದೂರದಲ್ಲಿ ವಿದ್ಯಾಪೀಠದ ಎಲ್ಲ ದಾಖಲೆಗಳನ್ನೂ ಮೀರಿದವರು, ಒಟ್ಟು 5,040 ಗಜ. ವೃತ್ತಿಯಲ್ಲಿ ಅವರಿಗೆ ದೊರೆತದ್ದು 3 ಋತುಗಳು ಮಾತ್ರ. ಹೆನ್ನಿಯವರೋ, ಪ್ರಥಮ ವರ್ಷದಿಂದಲೇ ನಾಲ್ಕು ವರ್ಷವೂ ತಂಡದ ಮುಂದಾಳಾಗಿದ್ದವರು, ವೃತ್ತಿಯಲ್ಲಿ ಬಹುಕಾಲ ಮತ್ತೊಬ್ಬರ ಬದಲಿಯಾಗಿ ಅಂಚಿನಲ್ಲಿ ನಿಂತರು. ಅಂಚಿನಲ್ಲಿ ನಿಂತೇ 15 ಋತುಗಳನ್ನು ಕಳೆದರು. 2023ರ ಜನವರಿಯಲ್ಲಿ ಕಾನ್ಸಾಸ್ ಸಿಟಿಯ ನಾಯಕ ಮಹೋಮ್ಸ್ ಅವರ ಹರಡು ಉಳುಕಿದಾಗ ಒಳಗೆ ಬಂದು, 98 ಗಜಗಳಷ್ಟು ತಂಡವನ್ನು ಮುನ್ನಡೆಸಿ ಅಂಕ ಗಳಿಸಿಕೊಟ್ಟು, ಮರಳಿ ತಮ್ಮ ಜಾಗಕ್ಕೆ ಹೋದರು. ಆ ಋತು ಮುಗಿದ ಮೇಲೆ ನಿವೃತ್ತರಾದರು.

ಒಂದೇ ಪಾಠಶಾಲೆಯ ಮೂವರಿಗೆ 9, 3 ಮತ್ತು 15! ವಿದ್ಯಾಪೀಠವು ಈ ಮೂರನ್ನು ಕೂಡಿಸಿ ಭಾಗಿಸಿ 9 ವರ್ಷದ ಸರಾಸರಿಯೆಂದು ಪ್ರಕಟಿಸಿದರೆ ಅಂಕಗಣಿತ ಸರಿಯಾದೀತು. ಆದರೆ ತಿಳಿವಳಿಕೆ ಲವಲೇಶವೂ ಹೆಚ್ಚಲಾರದು. ಬಾಳಿಕೆಯನ್ನು ನಿರ್ಣಯಿಸುವುದು ಬಹುಪಾಲು ಆಟಗಾರನು ನಿಲ್ಲುವ ಸ್ಥಾನ. ಓಡುವವನು ಪ್ರತಿ ಪಂದ್ಯದಲ್ಲಿಯೂ ಹತ್ತಿಪ್ಪತ್ತು ಸಾರಿ ನೆಲಕ್ಕುರುಳುತ್ತಾನೆ. ಚೆಂಡನ್ನು ಒದೆಯುವವನನ್ನು ಮುಟ್ಟುವುದೇ ಅಪರಾಧ. ಡ್ರಾಫ್ಟಿನಲ್ಲಿ ಯಾರಿಗೂ ಬೇಡವಾಗಿದ್ದ ಜೇ ಫೀಲಿಯವರು ಒದೆಯುತ್ತಲೇ 14 ಋತು ಉಳಿದರು. ಎರಡನೆಯದು ಹೊಂದಿಕೆ. ಚಾರ್ಲ್ಸ್ ವುಡ್‌ಸನ್ ಅವರು ವೇಗ ಕುಂದಿದಾಗ ಅಂಚಿನ ಕಾವಲನ್ನು ಬಿಟ್ಟು ಹಿಂದಿನ ಕಾವಲಿಗೆ ಸರಿದು 18 ಋತುಗಳನ್ನು ಪೂರೈಸಿದರು. ಮೂರನೆಯದು ಹಣ. ಅನುಭವ ಹೆಚ್ಚಿದಂತೆ ಕನಿಷ್ಠ ವೇತನವೂ ಏರಬೇಕೆಂಬುದು ಲೀಗಿನ ಒಪ್ಪಂದ; ಆದಕಾರಣ ಮಧ್ಯಮ ತರಗತಿಯ ಹಳಬನಿಗಿಂತ ಅಗ್ಗದ ಹೊಸಬನೇ ತಂಡಗಳಿಗೆ ರುಚಿಸುತ್ತಾನೆ. ಆಟಗಾರನ ರಕ್ಷಣೆಗೆಂದು ಮಾಡಿದ ಕಟ್ಟಳೆಯೇ ಅವನನ್ನು ಹೊರಗಟ್ಟುವ ವಿಪರ್ಯಾಸವಿದು. ಇನ್ನು ದೈವವೆಂಬುದೊಂದಿದೆ. ಟಾಮ್ ಮ್ಯಾಕ್ ಅವರು 1966ರಿಂದ 1978ರವರೆಗೆ 13 ಋತುಗಳಲ್ಲಿ 184 ಪಂದ್ಯಗಳನ್ನು ಒಂದನ್ನೂ ತಪ್ಪಿಸದೆ ಆಡಿದರು. 1940ರಲ್ಲಿ ಹೈಸ್‌ಮನ್ ಪ್ರಶಸ್ತಿ ಪಡೆದ ಟಾಮ್ ಹಾರ್ಮನ್ ಅವರಾದರೋ ಮಹಾಯುದ್ಧದಲ್ಲಿ ವಿಮಾನ ನಡೆಸಿ, 1943ರಲ್ಲಿ ಎರಡು ಬಾರಿ ವಿಮಾನ ಕಳೆದುಕೊಂಡು, ಕಾಲು ಸುಟ್ಟುಕೊಂಡು ಮರಳಿದವರು. ಆಡಿದ್ದು 1946 ಮತ್ತು 1947, ಎರಡೇ ವರ್ಷ. ಹಾರ್ಮನ್ ಅವರು ಮ್ಯಾಕ್ ಅವರಿಗಿಂತ ಕೀಳಾದ ವಿದ್ಯಾರ್ಥಿಯೆಂದು ಯಾವ ಲೆಕ್ಕಿಗನು ಹೇಳಬಲ್ಲನು?

ಬಾಳಿಕೆಯು ನಿರ್ವಿವಾದವಾಗಿ ಒಳ್ಳೆಯದೇ ಎಂಬ ಪ್ರಶ್ನೆಯೂ ಉಳಿದಿದೆ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದ ವೈದ್ಯರು ಲೀಗಿನಲ್ಲಿ ಆಡಿ ಮಡಿದ 111 ಮಂದಿಯ ಮಿದುಳನ್ನು ಪರೀಕ್ಷಿಸಿ, 110ರಲ್ಲಿ ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ರೋಗವನ್ನು ಕಂಡರು. ಅವು ಸಂಶಯವಿದ್ದ ಕುಟುಂಬಗಳವರೇ ಬಹುವಾಗಿ ದಾನವಾಗಿ ಕೊಟ್ಟ ಮಿದುಳುಗಳು; ಆದುದರಿಂದ ಎಲ್ಲ ಆಟಗಾರರಿಗೂ ಆ ಪ್ರಮಾಣವನ್ನು ಅನ್ವಯಿಸುವುದು ನ್ಯಾಯವಲ್ಲ. ಹಾಗಿದ್ದರೂ ಆಡಿದ ವರ್ಷ ಹೆಚ್ಚಿದಂತೆ ತಲೆಗೆ ಬಿದ್ದ ಪೆಟ್ಟೂ ಹೆಚ್ಚುತ್ತದೆಂಬುದನ್ನು ಅಲ್ಲಗಳೆಯಲಾಗದು. 3 ವರ್ಷಕ್ಕೇ ಆಟ ಬಿಟ್ಟ ಹಾರ್ಟ್ ಅವರು ತರಬೇತುದಾರರಾಗಿ, 2021ರಿಂದ 2023ರವರೆಗೆ ತಮ್ಮ ವಿದ್ಯಾಪೀಠದ ಹುಡುಗರಿಗೇ ಓಟ ಕಲಿಸಿದರು. ಇದನ್ನು ಸೋಲೆಂದು ಬರೆಯುವ ಪಟ್ಟಿಯನ್ನು ಹರಿದುಹಾಕುವುದೇ ಲೇಸು.

2024ರ ಡ್ರಾಫ್ಟಿನಲ್ಲಿ ಮಿಷಿಗನ್ನಿನ 13 ಮಂದಿ ಆಯ್ಕೆಯಾದರು. ಆ ವಿದ್ಯಾಪೀಠದ ಇತಿಹಾಸದಲ್ಲಿ ಅಷ್ಟು ಮಂದಿ ಎಂದೂ ಆಯ್ಕೆಯಾಗಿರಲಿಲ್ಲ. ಹದಿನೆಂಟು ವರ್ಷದ ಹುಡುಗನನ್ನೂ ಅವನ ತಂದೆತಾಯಿಗಳನ್ನೂ ಕರೆದು ಕೂರಿಸಿ ಈ ಸಂಖ್ಯೆಯನ್ನು ತೋರಿಸುವಾಗ, ಪಕ್ಕದಲ್ಲಿಯೇ ಇನ್ನೆರಡು ಅಂಕಣಗಳಿರುವುದು ಧರ್ಮ: ಆಡಿದ ವರ್ಷಗಳೆಷ್ಟು, ಪಡೆದ ಪದವಿ ಯಾವುದು. 2021ರಿಂದ ವಿದ್ಯಾರ್ಥಿಗಳು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದಾಗಿದೆ; 2025ರಿಂದ ವಿದ್ಯಾಪೀಠಗಳೇ ಅವರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಹಣದಾಸೆಗೆ ಎರಡು ಮೂರು ಕಾಲೇಜುಗಳನ್ನು ಬದಲಿಸುವವನ ಕೀರ್ತಿ ಯಾರ ಖಾತೆಗೆ ಜಮೆಯಾಗಬೇಕೆಂಬ ಜಗಳ ಬೇರೆ. ಇಂತಹ ಕಾಲದಲ್ಲಿ ಎರಡನೆಯ ಅಂಕಣವನ್ನು ಖಾಲಿ ಬಿಡುವ ಪ್ರಲೋಭನೆ ಹೆಚ್ಚುವುದೇ ಹೊರತು ತಗ್ಗದು.

ಆ ಅಂಕಣಗಳನ್ನು ಪ್ರಾಮಾಣಿಕವಾಗಿ ತುಂಬಿದರೆ ಒಂದು ವಿಚಿತ್ರವಾದ ಸಾಲು ಕಣ್ಣಿಗೆ ಬೀಳುತ್ತದೆ. 1932 ಮತ್ತು 1933ರಲ್ಲಿ ಮಿಷಿಗನ್ ರಾಷ್ಟ್ರಪ್ರಶಸ್ತಿ ಗಳಿಸಿದಾಗ ತಂಡದಲ್ಲಿದ್ದು, 1934ರಲ್ಲಿ ಸಹ ಆಟಗಾರರಿಂದಲೇ ತಂಡದ ಅತ್ಯುತ್ತಮನೆಂದು ಆರಿಸಲ್ಪಟ್ಟ ಒಬ್ಬ ತರುಣನನ್ನು ಗ್ರೀನ್ ಬೇ ಮತ್ತು ಡೆಟ್ರಾಯಿಟ್ ತಂಡಗಳೆರಡೂ ಕರೆದವು. ಆತ ಒಲ್ಲೆನೆಂದು ಹೇಳಿ, ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸಹಾಯಕ ತರಬೇತುದಾರನಾಗಿ ದುಡಿಯುತ್ತ ಕಾನೂನು ಓದಿದನು. 1994ರಲ್ಲಿ ವಿದ್ಯಾಪೀಠವು ಆತನ 48ನೆಯ ಸಂಖ್ಯೆಯ ಅಂಗಿಯನ್ನು ಮತ್ತಾರಿಗೂ ಕೊಡದೆ ಗೌರವದಿಂದ ತೆಗೆದಿರಿಸಿತು. ವೃತ್ತಿಪರ ಆಟದಲ್ಲಿ ಆತನ ಅವಧಿ ಸೊನ್ನೆ. ಪದವಿಯ ಅಂಕಣದ ಆಚೆಗೆ ಉದ್ಯೋಗವೆಂಬ ಅಂಕಣವೊಂದಿದ್ದರೆ ಅಲ್ಲಿ ಬರೆಯಬೇಕಾದುದು: ಜೆರಾಲ್ಡ್ ಫೋರ್ಡ್, 1974ರಿಂದ 1977ರವರೆಗೆ ಅಮೆರಿಕದ ಅಧ್ಯಕ್ಷರು.